ಪ್ರಭುಭೋಜನವನ್ನು ಬಲಿ ಅನ್ನಬಹುದೇ? ಪರ–ವಿರೋಧ

ನಮ್ಮಲ್ಲಿ ಕಥೋಲಿಕರು ಭಾನುವಾರ 'ಬಲಿಪೂಜೆ'ಗೆ ಹೋಗುತ್ತಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರು 'ಕರ್ತನ ಭೋಜನ', ಅಂದರೆ ಪ್ರಭುಭೋಜನ, ತೆಗೆದುಕೊಳ್ಳುತ್ತಾರೆ. ರೊಟ್ಟಿ, ದ್ರಾಕ್ಷಾರಸ ಎರಡೂ ಕಡೆ ಇವೆ, ಹೆಸರು ಬೇರೆ. ಆ ಎರಡು ಹೆಸರುಗಳ ನಡುವಿನ ಜಗಳ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಒಂದೇ ಮನೆಯೊಳಗೆ ನಡೆಯಿತು, ಇವತ್ತಿಗೂ ಪೂರ್ತಿ ಮುಗಿದಿಲ್ಲ. 1947ರಲ್ಲಿ ಒಂದಾಗಿ ಸಿಎಸ್‌ಐ ಆದ ಸಭೆಗಳಲ್ಲಿ ಆಂಗ್ಲಿಕನ್ ಸಭೆಯೂ ಒಂದು. ಹಾಗಾಗಿ ಇದು ನಮ್ಮ ಮನೆಯ ಮಾತೂ ಹೌದು. ನನ್ನ ಮನಸ್ಸು ಅದು ಬಲಿಯಲ್ಲ ಎನ್ನುವ ಎರಡನೆಯ ಪಕ್ಷದ ಕಡೆಗಿದೆ. ಆದರೆ ಮೊದಲನೆಯದನ್ನು ಹಗುರ ಮಾಡಿ ಬರೆದರೆ ಅನ್ಯಾಯವಾಗುತ್ತದೆ.

ಪರ: ಹೌದು, ಅದು ಬಲಿಯೇ

ಬಲಿ ಅಂದ ಕೂಡಲೇ ನಮಗೆ ಕೊಲ್ಲುವುದೇ ನೆನಪಾಗುತ್ತದೆ. ತೊಡಕು ಶುರುವಾಗುವುದೇ ಅಲ್ಲಿಂದ. ಶಿಲುಬೆಯ ಮೇಲೆ ಆದದ್ದು ಮತ್ತೆ ಆಗುತ್ತದೆ ಎಂದು ಯಾವ ಆಂಗ್ಲಿಕನ್ನನೂ ಹೇಳುವುದಿಲ್ಲ. ಪ್ರಶ್ನೆ ಬೇರೆಯೇ ಇದೆ. ಒಂದೇ ಸಾರಿ ಆದ ಆ ಬಲಿಗೂ ಈ ಭಾನುವಾರದ ಮೇಜಿಗೂ ಏನು ನಂಟು?

ಯೆಹೂದ್ಯರ ಪಸ್ಕ ಹಬ್ಬವನ್ನು ನೋಡಿ. ಐಗುಪ್ತದಿಂದ ಬಿಡುಗಡೆ ಆದದ್ದು ಒಂದೇ ರಾತ್ರಿ. ಆದರೆ ಪ್ರತಿ ವರ್ಷ ಊಟಕ್ಕೆ ಕೂತವರು 'ನಮ್ಮನ್ನೇ ಬಿಡಿಸಿದನು' ಎನ್ನುತ್ತಾರೆ. ಯೇಸು 'ನನ್ನ ನೆನಪಿಗಾಗಿ ಇದನ್ನು ಮಾಡಿರಿ' ಅಂದದ್ದು ಅಂಥ ಊಟದ ನೆರಳಿನಲ್ಲಿ. ಅಲ್ಲಿ ಬರುವ ಗ್ರೀಕ್ ಪದ ಅನಮ್ನೇಸಿಸ್. ಹಳೇ ಫೋಟೋ ನೋಡಿ ನಿಟ್ಟುಸಿರು ಬಿಡುವಂಥ ನೆನಪಲ್ಲ ಅದು. ಆಗಿಹೋದದ್ದರ ಬಲ ಈಗ, ಇಲ್ಲಿ ನಮ್ಮನ್ನು ಮುಟ್ಟುವ ನೆನಪು.

ಆಂಗ್ಲಿಕನ್ ಸಭೆ ಇದನ್ನು ಮರೆತಿರಲಿಲ್ಲ. 1764ರ ಸ್ಕಾಟ್ಲೆಂಡಿನ ಆರಾಧನಾ ಕ್ರಮದಲ್ಲಿ ರೊಟ್ಟಿ, ದ್ರಾಕ್ಷಾರಸವನ್ನು 'ಈಗ ನಿನಗೆ ಅರ್ಪಿಸುತ್ತೇವೆ' ಎಂಬ ಮಾತಿದೆ. 1784ರಲ್ಲಿ ಅಬರ್ಡೀನ್‌ನಲ್ಲಿ ಸ್ಕಾಟಿಷ್ ಬಿಷಪರ ಕೈಯಿಂದ ಬಿಷಪ್ ಅಭಿಷೇಕ ಪಡೆದ ಅಮೆರಿಕದ ಸ್ಯಾಮ್ಯುಯೆಲ್ ಸೀಬರಿ ಆ ಕ್ರಮವನ್ನು ಅಮೆರಿಕಕ್ಕೆ ಒಯ್ದರು. 1789ರ ಅಮೆರಿಕನ್ ಪ್ರಾರ್ಥನಾ ಪುಸ್ತಕದಲ್ಲೂ ಆ ಮಾತು ಉಳಿಯಿತು. ಮೆಥಡಿಸ್ಟ್ ಚಳವಳಿಯ ಚಾರ್ಲ್ಸ್ ವೆಸ್ಲಿ 1745ರಲ್ಲಿ ಅಣ್ಣ ಜಾನ್ ಜೊತೆ ಹೊರತಂದ ಪ್ರಭುಭೋಜನದ ಹಾಡುಗಳಲ್ಲೂ ಬಲಿಯ ಮಾತು ಧಾರಾಳವಾಗಿದೆ. ಅವರನ್ನು ಯಾರಾದರೂ ರೋಮಿನವರು (ಕಥೋಲಿಕರು) ಅಂದಾರೇ?

ಇನ್ನೊಂದು ದೊಡ್ಡ ಸಾಕ್ಷಿ 1897ರದ್ದು. ಅದರ ಹಿಂದಿನ ವರ್ಷ ಪೋಪ್ 13ನೇ ಲಿಯೋ ಆಂಗ್ಲಿಕನ್ ಗುರುದೀಕ್ಷೆಗೆ ಬೆಲೆಯೇ ಇಲ್ಲ ಎಂದು ಸಾರಿದ್ದರು. ಬಲಿ ಅರ್ಪಿಸುವ ಉದ್ದೇಶವೇ ನಿಮ್ಮ ದೀಕ್ಷಾ ಕ್ರಮದಲ್ಲಿಲ್ಲ ಎಂಬುದು ಅವರ ವಾದದ ತಿರುಳು. ಇಂಗ್ಲೆಂಡಿನ ಸಭೆಯ ಮುಖ್ಯಸ್ಥರಾದ ಕ್ಯಾಂಟರ್ಬರಿ ಮತ್ತು ಯಾರ್ಕ್‌ನ ಆರ್ಚ್‌ಬಿಷಪರು ಇಬ್ಬರೂ ಸೇರಿ ಉತ್ತರ ಬರೆದರು. ನಾವೂ ಬಲಿಯ ಬೋಧನೆಯನ್ನು ನಿಜವಾಗಿ ಕಲಿಸುತ್ತೇವೆ, ನಮ್ಮದು ಬರೀ ನೆನಪಲ್ಲ ಎಂದರು. ಮೊದಲು ಸ್ತುತಿಯ ಬಲಿ, ಆಮೇಲೆ ಶಿಲುಬೆಯ ಬಲಿಯನ್ನು ತಂದೆಯ ಮುಂದಿಟ್ಟು ಬೇಡುವುದು, ಕೊನೆಗೆ ನಮ್ಮನ್ನೇ ಒಪ್ಪಿಸಿಕೊಡುವುದು ಎಂದು ಬಿಡಿಸಿ ಹೇಳಿದರು. 1971ರಲ್ಲಿ ಆಂಗ್ಲಿಕನ್–ಕಥೋಲಿಕ ಆಯೋಗ ವಿಂಡ್ಸರ್‌ನಲ್ಲಿ ಒಪ್ಪಿದ ಹೇಳಿಕೆಯಲ್ಲೂ ಕ್ರಿಸ್ತನ ಬಲಿ ಮತ್ತೆ ಆಗುವಂತಿಲ್ಲ, ಅದಕ್ಕೆ ಏನೂ ಸೇರಿಸುವಂತಿಲ್ಲ ಎಂದಿದೆ. ಭಯಕ್ಕೆ ಕಾರಣವಾಗಿದ್ದೇ ಹೋದ ಮೇಲೆ ಪದಕ್ಕೆ ಯಾಕೆ ಹೆದರಬೇಕು?

ವಿರೋಧ: ಇಲ್ಲ, ಅದು ನಮಗೆ ಕೊಟ್ಟದ್ದು

ಪದಕ್ಕೆ ಹೆದರಲು ಕಾರಣ ಇದೆ. ಹದಿನಾರನೇ ಶತಮಾನದಲ್ಲಿ ಸಭೆ ರೋಮಿನಿಂದ ಬೇರೆಯಾದ ಸುಧಾರಣೆಗೆ ಮುಂಚಿನ ಇಂಗ್ಲೆಂಡಿನಲ್ಲಿ ಸಾಯುವ ಮುನ್ನ ಜನ ಹಣ, ಹೊಲ ಬರೆದಿಡುತ್ತಿದ್ದರು. ತಮ್ಮ ಆತ್ಮಕ್ಕಾಗಿ ಇಷ್ಟು ಪೂಜೆ ಆಗಲಿ ಎಂದು. ಅದಕ್ಕೆಂದೇ ಪುಟ್ಟ ಗುಡಿಗಳು, ಅದಕ್ಕೆಂದೇ ಸಂಬಳದ ಪಾದ್ರಿಗಳು. ದುಡ್ಡಿದ್ದವನಿಗೆ ಜಾಸ್ತಿ ಪೂಜೆ. ಇಲ್ಲದವನಿಗೆ? 1547ರ ಕಾಯ್ದೆ ಆ ದತ್ತಿಗಳನ್ನು ಮುಚ್ಚಿತು. ಅದರ ಆಸ್ತಿ ರಾಜನ ಬೊಕ್ಕಸಕ್ಕೆ ಹೋಯಿತು ಎಂಬುದೂ ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆಂಗ್ಲಿಕನ್ ನಂಬಿಕೆಯನ್ನು ಹೇಳುವ 39 ಸೂತ್ರಗಳಲ್ಲಿ 31ನೆಯದು ಹಾಗೆ ಸಿಟ್ಟಾದದ್ದು ಯಾಕೆ ಎಂಬುದು ಇದರಿಂದ ಅರ್ಥವಾಗುತ್ತದೆ. ಸತ್ತವರಿಗೂ ಬದುಕಿದವರಿಗೂ ಪಾದ್ರಿ ಕ್ರಿಸ್ತನನ್ನು ಅರ್ಪಿಸುತ್ತಾನೆ ಎಂಬ ಬೋಧನೆಯನ್ನು ಅದು ದೇವದೂಷಣೆಯ ಕಟ್ಟುಕಥೆ, ಅಪಾಯದ ಮೋಸ ಎಂದು ಕರೆದಿದೆ. 1841ರಲ್ಲಿ, ಆಗಿನ್ನೂ ಆಂಗ್ಲಿಕನ್ ಪಾದ್ರಿಯಾಗಿದ್ದ ಜಾನ್ ಹೆನ್ರಿ ನ್ಯೂಮನ್, ಆ ಸೂತ್ರ ಬಯ್ಯುವುದು 'ಪೂಜೆಗಳ ಬಲಿ'ಗಳನ್ನೇ ಹೊರತು 'ಪೂಜೆಯ ಬಲಿ'ಯನ್ನಲ್ಲ ಎಂದು ವಾದಿಸಿದರು. ಬಹುವಚನದ ಮೇಲೆ ಇಷ್ಟು ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ.

ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಮಾಡಿದ್ದನ್ನು ನಿಧಾನವಾಗಿ ನೋಡಬೇಕು. 1549ರ ಅವರ ಮೊದಲ ಪ್ರಾರ್ಥನಾ ಪುಸ್ತಕದಲ್ಲಿ ಆರಾಧನೆಯ ಹೆಸರಿನ ಜೊತೆ 'ಸಾಮಾನ್ಯವಾಗಿ ಮಾಸ್ (ಬಲಿಪೂಜೆ) ಎನ್ನುವರು' ಎಂದಿತ್ತು. 1552ರಲ್ಲಿ ಆ ಮಾತು ಹೋಯಿತು. ಅಷ್ಟರಲ್ಲಿ, 1550ರಲ್ಲಿ, ಲಂಡನ್ನಿನ ಬಿಷಪ್ ರಿಡ್ಲಿ ಕಲ್ಲಿನ ಯಜ್ಞವೇದಿಗಳನ್ನು ತೆಗೆಸಿ ಮರದ ಮೇಜು ಹಾಕಿಸಿದ್ದರು. ಯಜ್ಞವೇದಿ ಬಲಿ ಕೊಡಲಿಕ್ಕೆ, ಮೇಜು ಊಟ ಮಾಡಲಿಕ್ಕೆ ಎಂಬುದು ಅವರ ಸರಳ ಕಾರಣ. ದೀಕ್ಷೆಯಲ್ಲೂ ಹಾಗೇ. 1550ರಲ್ಲಿ ಹೊಸ ಪಾದ್ರಿಯ ಒಂದು ಕೈಗೆ ಬೈಬಲ್, ಇನ್ನೊಂದಕ್ಕೆ ಬಟ್ಟಲು ಕೊಡುತ್ತಿದ್ದರು. 1552ರಲ್ಲಿ ಬೈಬಲ್ ಮಾತ್ರ ಉಳಿಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಪ್ರಾರ್ಥನೆಯ ಜಾಗದ್ದು. ಹಳೆಯ ಕ್ರಮದಲ್ಲಿ ಯೇಸುವಿನ ಮಾತು ಮುಗಿದ ಕೂಡಲೇ ಅರ್ಪಣೆಯ ಪ್ರಾರ್ಥನೆ ಬರುತ್ತಿತ್ತು. ಕ್ರ್ಯಾನ್ಮರ್ ಅದನ್ನು ಕಿತ್ತು ಊಟದ ನಂತರಕ್ಕೆ ಇಟ್ಟರು. ಈಗ 'ತೆಗೆದುಕೊಳ್ಳಿ, ತಿನ್ನಿರಿ' ಅಂದ ತಕ್ಷಣ ಜನ ತೆಗೆದುಕೊಂಡು ತಿನ್ನುತ್ತಾರೆ. ನಡುವೆ ನಮ್ಮ ಕಡೆಯಿಂದ ಕೊಡುವ ಮಾತೇ ಇಲ್ಲ. ನನಗಂತೂ ಇದು ಯಾವ ಉಪದೇಶಕ್ಕಿಂತ ಚೆನ್ನಾಗಿ ಸುವಾರ್ತೆಯನ್ನು ಹೇಳುತ್ತದೆ. ಬೈಬಲಿನ ಇಬ್ರಿಯರ ಪತ್ರಿಕೆಯ ಮಾತೂ ಅದೇ ಅಲ್ವಾ? ಹಳೆಯ ಯಾಜಕ ದಿನವೂ ನಿಂತುಕೊಂಡು ಅದದೇ ಯಜ್ಞ ಮಾಡುತ್ತಿದ್ದ. ಕ್ರಿಸ್ತನಾದರೋ ಒಂದೇ ಯಜ್ಞ ಅರ್ಪಿಸಿ ಕೂತುಕೊಂಡನು. ಕೂತವನ ಕೆಲಸ ಮುಗಿದಿದೆ.

ಅನಮ್ನೇಸಿಸ್ ಎಂಬ ಪದದಿಂದ ಬಲಿಯನ್ನು ಹಿಂಬಾಗಿಲಿನಿಂದ ತರುವುದೂ ಕಷ್ಟ. ಪಸ್ಕದ ರಾತ್ರಿ ಮನೆಯವರು ಬಿಡುಗಡೆಯನ್ನು ದೇವರಿಗೆ ಕೊಡುವುದಿಲ್ಲ, ಅವನಿಂದ ಪಡೆದದ್ದನ್ನು ಉಣ್ಣುತ್ತಾರೆ. ಇಂಗ್ಲೆಂಡಿನಲ್ಲಿ 1966ರ ಕರಡು ಪ್ರಾರ್ಥನೆಯಲ್ಲಿ 'ಈ ರೊಟ್ಟಿಯನ್ನೂ ಬಟ್ಟಲನ್ನೂ ನಿನಗೆ ಅರ್ಪಿಸುತ್ತೇವೆ' ಎಂದು ಬಂದಾಗ ಆಂಗ್ಲಿಕನ್ ಪಾದ್ರಿ ಕಾಲಿನ್ ಬುಕಾನನ್ ಒಪ್ಪಲಿಲ್ಲ. ಆ ಸಾಲನ್ನು ಬದಲಿಸಬೇಕಾಯಿತು. ಒಂದು ಕ್ರಿಯಾಪದಕ್ಕೆ ಇಷ್ಟು ಗಲಾಟೆ ಸುಮ್ನೆ ಅಲ್ಲ. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬುದೆಲ್ಲ ಅದರಲ್ಲಿದೆ.

ನಮಗೂ ಕೊಡಲಿಕ್ಕೆ ಒಂದು ಇದೆ. 1662ರ ಪ್ರಾರ್ಥನಾ ಪುಸ್ತಕದಲ್ಲಿ ಅದು ಊಟ ಮುಗಿದ ಮೇಲೆ ಬರುತ್ತದೆ: ನಮ್ಮನ್ನು, ನಮ್ಮ ಆತ್ಮ ದೇಹಗಳನ್ನು ನಿನಗೆ ಒಪ್ಪಿಸುತ್ತೇವೆ. ರೊಟ್ಟಿಯ ರುಚಿ ಇನ್ನೂ ಬಾಯಲ್ಲಿರುವಾಗ ಹೇಳುವ ಮಾತು ಅದು.