ಮುಟ್ಟಿದರೆ ದಂಡ, ಮುಟ್ಟದಿದ್ದರೆ ಡ್ಯೂಟಿ ಇಲ್ಲ

ಬೆಂಗಳೂರಿನ ಗೊರಗುಂಟೆಪಾಳ್ಯದ ಹತ್ತಿರ ಕ್ಯಾಬಿನಲ್ಲಿ ಕೂತಿದ್ದೆ. ಕೂತಿದ್ದೆ ಅನ್ನೋದೇ ಸರಿ, ಗಾಡಿಯೇನೂ ಹೋಗುತ್ತಿರಲಿಲ್ಲ. ಡ್ರೈವರ್ ಎದುರಿಗೆ ಮೂರು ಫೋನ್ ಸಾಲಾಗಿ ಸ್ಟ್ಯಾಂಡಿಗೇರಿದ್ದವು. ಒಂದರಲ್ಲಿ ಮ್ಯಾಪು, ಇನ್ನೊಂದರಲ್ಲಿ ಒಂದು ಕಂಪನಿಯ ಆಪ್, ಮೂರನೆಯದರಲ್ಲಿ ಅದರ ಎದುರಾಳಿ ಕಂಪನಿಯದು. ಪಕ್ಕದಲ್ಲಿ ಹೆಬ್ಬೆರಳಷ್ಟು ದೊಡ್ಡ ಗಣಪತಿ. ಅವನೊಬ್ಬನಿಗೇ ಚಾರ್ಜರ್ ಇರಲಿಲ್ಲ.

ಅಂತೂ ಗಾಡಿ ಹೊರಟಿತು. ಹೊರಟ ಕೂಡಲೇ ಎರಡನೇ ಫೋನ್ ಕಿರುಚಿತು. ಸ್ಕ್ರೀನ್ ಮೇಲೆ ಒಂದು ಬಳೆ ಸುತ್ತುತ್ತಾ ಕರಗತೊಡಗಿತು. ಅದು ಪೂರ್ತಿ ಕರಗುವುದರೊಳಗೆ ಬೆರಳು ಒತ್ತಬೇಕು, ಇಲ್ಲಾಂದ್ರೆ ಡ್ಯೂಟಿ ಇನ್ನೊಬ್ಬನ ಪಾಲು. ಡ್ರೈವರ್ ಎಡಗೈ ಗೇರಿನಿಂದ ಹಾರಿ, ಸ್ಕ್ರೀನ್ ಕುಟ್ಟಿ, ವಾಪಸ್ ಬಂತು. ಹಲ್ಲಿ ಸೊಳ್ಳೆ ಹಿಡಿಯೋದನ್ನ ನೋಡಿದ್ದೀರಲ್ವಾ, ಹಾಗೆ. ಅಷ್ಟರಲ್ಲಿ ನಮ್ಮ ಬಂಪರು ಮುಂದಿನ ಬೈಕಿನವನ ನಂಬರ್ ಪ್ಲೇಟ್ ಮೂಸುತ್ತಿತ್ತು.

ಹಾಗಂತ ಕಾನೂನಿನಲ್ಲಿ ಗೊಂದಲ ಏನೂ ಇಲ್ಲ. ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 184ನೇ ಸೆಕ್ಷನ್ ಪ್ರಕಾರ ಓಡಿಸುತ್ತಾ ಕೈಯಲ್ಲಿ ಫೋನ್ ಬಳಸಿದರೆ ಅದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ ಎರಡೂ ಅಂತ ಕಾಯ್ದೆ ಹೇಳುತ್ತೆ. 2020ರ ಅಕ್ಟೋಬರ್‌ನಲ್ಲಿ ಒಂದು ರಿಯಾಯಿತಿ ಬಂತು: ದಾರಿ ನೋಡಿಕೊಳ್ಳೋಕೆ ಮಾತ್ರ ಫೋನ್ ಬಳಸಬಹುದು, ಆದರೆ ಚಾಲಕನ ಗಮನ ಕದಡಬಾರದು. ಬೆಂಗಳೂರಿನ ಮ್ಯಾಪು ನೋಡಿಯೂ ಗಮನ ಕದಡದವನು ಹಿಮಾಲಯದಲ್ಲಿರಬೇಕು.

ಡ್ಯೂಟಿ ಒಪ್ಪಿಕೊಳ್ಳೋದು ದಾರಿ ನೋಡೋದಲ್ಲವಲ್ಲ. ಕರೆದವನ ತಂಟೆಗೆ ಯಾರೂ ಹೋಗೋದಿಲ್ಲ, ಓಗೊಟ್ಟವನಿಗೆ ದಂಡ. ಕಂಪನಿಗೂ ಸುರಕ್ಷತೆಯ ಕಾಳಜಿ ಇಲ್ಲದೇ ಇಲ್ಲ. ನನ್ನ ಕಣ್ಣೆದುರಿಗೇ ಒಂದು ಸಂದೇಶ ಬಂತು: ‘ಚಾಲನೆ ಮಾಡುವಾಗ ಫೋನ್ ಮುಟ್ಟಬೇಡಿ.’ ಕೆಳಗೆ ‘ಸರಿ’ ಅಂತ ಬಟನ್. ಒತ್ತಿದರೇ ಮ್ಯಾಪು ಕಾಣೋದು.

‘ಪಕ್ಕಕ್ಕೆ ನಿಲ್ಲಿಸಿ ನೋಡಬಹುದಲ್ವಾ?’ ಅಂದೆ. ಹಿಂದಿನ ಸೀಟಲ್ಲಿ ಕೂತವರಿಗೆ ಬುದ್ಧಿ ಜಾಸ್ತಿ.

‘ಎಲ್ಲಿ ಸಾರ್?’ ಅಂದರು. ಎಡಕ್ಕೆ ನೋಡಿದೆ. ನೋ ಪಾರ್ಕಿಂಗ್ ಬೋರ್ಡು. ಅದರ ಕೆಳಗೆ ಅಗೆದ ಗುಂಡಿ.

‘ಮುಟ್ಟದಿದ್ರೆ ಇನ್ಸೆಂಟಿವ್ ಹೋಗುತ್ತೆ, ಮುಟ್ಟಿದ್ರೆ ದಂಡ ಬೀಳುತ್ತೆ. ಇನ್ಸೆಂಟಿವ್ ದಿನಾ ಹೋಗುತ್ತೆ ಸಾರ್. ದಂಡ ಯಾವಾಗಲೋ ಒಂದ್ಸಲ.’

ಆ ‘ಯಾವಾಗಲೋ’ ಕೂಡ ಈಗ ಹತ್ತಿರ ಬಂದಿದೆ. 2022ರ ಡಿಸೆಂಬರ್‌ನಿಂದ ನಗರದ ಜಂಕ್ಷನ್‌ಗಳಲ್ಲಿ ಫೋನ್ ಹಿಡಿದವರನ್ನೂ ಗುರುತಿಸೋ ಕ್ಯಾಮೆರಾಗಳಿವೆ. ಪೊಲೀಸರು ಅಡ್ಡ ಹಾಕೋ ಕೆಲಸವೇ ಇಲ್ಲ. ಕ್ಯಾಮೆರಾ ಫೋಟೋ ತೆಗೆಯುತ್ತೆ, ದಂಡದ ಮೆಸೇಜು ಬರುತ್ತೆ. ಎಲ್ಲಿಗೆ? ಅದೇ ಫೋನಿಗೆ. ಓಡಿಸುತ್ತಲೇ ಓದಿದರೆ ಮುಂದಿನ ಜಂಕ್ಷನ್‌ನಲ್ಲಿ ಇನ್ನೊಂದು.

ಕಟ್ಟೋಕೂ ಅವಸರ ಬೇಡ. ಬಟ್ಟೆ ಅಂಗಡಿಗೆ ಆಷಾಢದಲ್ಲಿ ಸೇಲ್ ಬಂದರೆ, ನಮ್ಮ ದಂಡಕ್ಕೆ ಯಾವ ಮಾಸವಾದರೂ ನಡೆಯುತ್ತೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಬಂದಾಗ ಜನ ಸಾಲು ನಿಂತು ಕಟ್ಟಿದರು. 2025ರ ಆಗಸ್ಟ್ ಕೊನೆಗೆ ಮತ್ತೆ ಬಂತು. ಕೂಡಲೇ ಪೂರ್ತಿ ಕಟ್ಟಿದವನು ಬೆಪ್ಪ. ಒಂದು ಕೊಂಡರೆ ಒಂದು ಉಚಿತ ಅಂತ ಬೋರ್ಡು ಹಾಕೋದೊಂದು ಬಾಕಿ.

ಮನೆಗೆ ಬಂದು ಇದನ್ನು ಬರೆಯೋಕೆ ಕೂತೆ. ಹಸಿವಾಯ್ತು. ಮಸಾಲೆ ದೋಸೆಗೆ ಆರ್ಡರ್ ಹಾಕಿದೆ. ಮ್ಯಾಪಿನಲ್ಲಿ ಪುಟ್ಟ ಬೈಕು ನಮ್ಮ ರಸ್ತೆ ತಿರುವಿಗೆ ಬರುತ್ತಿರೋದು ಚೆನ್ನಾಗಿ ಕಾಣುತ್ತಿತ್ತು. ಆದರೂ ಫೋನ್ ಮಾಡಿದೆ.

‘ಎಲ್ಲಿದೀಯಪ್ಪಾ?’

ಹೆಲ್ಮೆಟ್ ಒಳಗಿಂದ ಗಾಳಿಯ ಸದ್ದು, ಹಾರ್ನು, ಆಮೇಲೆ ದನಿ: ‘ಸಾರ್, ಗಾಡಿ ಓಡಿಸ್ತಾ ಇದೀನಿ.’

‘ಅಯ್ಯೋ, ಓಡಿಸುವಾಗ ಫೋನ್ ಎತ್ತಬಾರದು ಮಾರಾಯಾ! ತುಂಬಾ ಡೇಂಜರು. ನಿಧಾನಕ್ಕೆ ಬಾ... ಹಲೋ, ಇಡಬೇಡ, ಇಡಬೇಡ. ಚಟ್ನಿ ಎರಡು ಪ್ಯಾಕೆಟ್ ಹಾಕಿದಾರಾ, ಸ್ವಲ್ಪ ನೋಡು.’