ಐನೂರು ರೂಪಾಯಿಯ ಬಟನ್

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯ ಎಸಿ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ನಿಲ್ಲಿಸಿತು. ಮಂಗಳೂರಿನ ಏಪ್ರಿಲ್ ಸೆಕೆ ಗೊತ್ತಲ್ವಾ, ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲೇ ಮತ್ತೆ ಬೆವರು. ಎರಡು ದಿನ ಕಾಯಿಸಿ ಮೆಕ್ಯಾನಿಕ್ ಬಂದರು. ಬ್ಯಾಗ್ ಕೆಳಗಿಟ್ಟರು. ರಿಮೋಟ್ ತಗೊಂಡು ಒಂದು ಬಟನ್ ಒತ್ತಿದರು.

"ಸರ್, ಇದು ಫ್ಯಾನ್ ಮೋಡಿನಲ್ಲಿ ಉಂಟು."

ಬ್ಯಾಗಿನ ಜಿಪ್ ತೆಗೆಯಲೇ ಇಲ್ಲ. ವಿಸಿಟಿಂಗ್ ಚಾರ್ಜ್ 500 ರೂಪಾಯಿ. ದುಡ್ಡು ಹೋದದ್ದು ಹಾಗಿರಲಿ, ಅವರು ನಗದೇ ಹೋದರಲ್ಲ, ಅದು ಜಾಸ್ತಿ ಚುಚ್ಚಿತು.

ಅವತ್ತಿನಿಂದ ನನಗೊಂದು ಹಠ. ಫೋನ್ ಮಾಡುವ ಮುಂಚೆ ನಾನೇ ನೋಡಬೇಕು. ಮೊದಲು ರಿಮೋಟ್. ಹಿಮದ ಹೂವಿನ ಚಿತ್ರ ಇದ್ದರೆ ಕೂಲ್, ನೀರಿನ ಹನಿ ಇದ್ದರೆ ಡ್ರೈ. ರಿಮೋಟಿನ ತುದಿಯ ಪುಟ್ಟ ಬಲ್ಬನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿದರೆ, ಬರಿಗಣ್ಣಿಗೆ ಕಾಣದ ಬೆಳಕು ಸ್ಕ್ರೀನಿನಲ್ಲಿ ಮಿಣಕ್ ಅನ್ನುತ್ತದೆ. ಅನ್ನದಿದ್ದರೆ ಸೆಲ್ ಸತ್ತಿದೆ ಅಂತ ಲೆಕ್ಕ. ನಮ್ಮಲ್ಲಿ ಹೊಸ ಸೆಲ್ ಟಿವಿ ರಿಮೋಟಿಗೆ, ಅದರ ಹಳೆಯದು ಎಸಿಗೆ. ಹಾಗಾಗಿ ಸಾಯುವುದು ಸಹಜವೇ.

ಕರೆಂಟ್ ಹೋಗಿ ಬಂದರೆ ಸುಮಾರು 3 ನಿಮಿಷ ಸುಮ್ನೆ ಕೂರಬೇಕು. ಒಳಗಿನ ಗ್ಯಾಸಿನ ಒತ್ತಡ ಸಮ ಆಗುವವರೆಗೆ, ಆ ಗ್ಯಾಸನ್ನು ಒತ್ತುವ ಕಂಪ್ರೆಸರ್ ಏಳುವುದಿಲ್ಲ, ಏಳಲೂಬಾರದು. ಆ ಮೂರು ನಿಮಿಷದಲ್ಲಿ "ಎಸಿ ಹಾಳಾಯ್ತು ಮಾರಾಯ್ರೆ" ಅಂತ ನಾನು ಎಷ್ಟು ಸಲ ಘೋಷಿಸಿದ್ದೇನೋ.

ಇನ್ನು ಫಿಲ್ಟರ್. ಮುಂದಿನ ಮುಚ್ಚಳ ಎತ್ತಿದರೆ ಎರಡು ತೆಳ್ಳನೆ ಬಲೆ ಇರುತ್ತವೆ ಅನ್ನುವುದೇ ನನಗೆ ನಾಲ್ಕು ವರ್ಷ ಗೊತ್ತಿರಲಿಲ್ಲ. ಹೊರಗೆ ಎಳೆದೆ. ಬಲೆ ಕಾಣಲೇ ಇಲ್ಲ, ಬೂದು ಬಣ್ಣದ ಕಂಬಳಿ ಕಂಡಿತು. ದಿಂಬಿನ ಹತ್ತಿ, ಊದಿನಕಡ್ಡಿಯ ಹೊಗೆ, ಯಾರದೋ ಉದ್ದ ಕೂದಲು, ಎಲ್ಲ ಸೇರಿ ಮೆತ್ತಗೆ ಹೆಪ್ಪುಗಟ್ಟಿತ್ತು. ಬೆರಳಿನಲ್ಲಿ ಸುತ್ತಿದರೆ ಚಾಪೆಯ ಹಾಗೆ ಸುರುಳಿಯಾಗಿ ಬಂತು. ಬಲೆಯ ಹಿಂಬದಿಯಿಂದ ನಲ್ಲಿ ನೀರು ಬಿಟ್ಟು ತೊಳೆದು, ನೆರಳಲ್ಲಿ ಒಣಗಿಸಿದೆ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಈ ಕಂಬಳಿ ಹೊದ್ದ ಎಸಿಗೆ ಗಾಳಿ ಸಿಗದೆ ಒಳಗೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆಗಳ, ಅಂದರೆ ಕಾಯಿಲ್‌ನ ಮೇಲೆ ಮಂಜುಗಡ್ಡೆ ಕಟ್ಟುವುದೂ ಉಂಟು. ಹಾಗಾದರೆ ಆಫ್ ಮಾಡಿ ಕರಗಲು ಬಿಡಬೇಕು, ಚಾಕು ಹಿಡಿದು ಹೋಗಬಾರದು.

ಫಿಲ್ಟರ್ ತೊಳೆದ ಮೇಲೂ ಮಂಜು ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರಬಹುದು. ಆಗ ಮೆಕ್ಯಾನಿಕ್ಕೇ ಬರಬೇಕು. ಆದರೆ ಗ್ಯಾಸ್ ಅಂದರೆ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಮುಗಿಯುವುದಕ್ಕೆ. ಸೋರಿದರೆ ಮಾತ್ರ ಕಡಿಮೆಯಾಗುವುದು. ಹಾಗಾಗಿ ತುಂಬಿಸುವ ಮುಂಚೆ ಸೋರಿದ್ದು ಎಲ್ಲಿ ಅಂತ ಕೇಳಿ. ಹೊರಗಿನ ಡಬ್ಬದ ಸ್ಕ್ರೂಗೆ ಮಾತ್ರ ಕೈ ಹಾಕಬೇಡಿ. ಸ್ವಿಚ್ ಆಫ್ ಇದ್ದರೂ ಅದರೊಳಗೆ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಶಾಕ್ ಕೊಡಬಲ್ಲದು. ನನ್ನ ಹಠಕ್ಕೂ ಒಂದು ಗಡಿ ಉಂಟು.

ಈ ಏಪ್ರಿಲ್‌ನಲ್ಲಿ ಹೊಸ ರಗಳೆ. ಎಸಿಯಿಂದ ನೀರು, ಅದೂ ಮಂಚದ ಮೇಲೆ. ನೀರು ಬರುವುದೇನೋ ಸಹಜ, ಗಾಳಿಯ ತೇವವೇ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿಯುವುದು. ಅಮೆರಿಕದ ಇಂಜಿನಿಯರ್ ವಿಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಈ ಯಂತ್ರದ ಅಜ್ಜನನ್ನು ರೂಪಿಸಿದ್ದೇ ಒಂದು ಮುದ್ರಣಾಲಯದ ಗಾಳಿಯ ತೇವ ಹಿಡಿತಕ್ಕೆ ತರಲು. ಅಲ್ಲಿ ಕಾಗದ ತೇವ ಕುಡಿದು ಹಿಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಡಬ್ಬ ತೆರೆದಿಟ್ಟ ಐದೇ ನಿಮಿಷಕ್ಕೆ ಹಪ್ಪಳ ಮೆತ್ತಗಾಗುವ ನಮ್ಮೂರಲ್ಲಿ ಎಸಿಗೆ ಎಷ್ಟು ಕೆಲಸ ಇರಬೇಕು! ಆದರೆ ಆ ನೀರು ಪೈಪಿನಲ್ಲಿ ಹೊರಗೆ ಹೋಗಬೇಕು.

ಫಿಲ್ಟರ್ ನೋಡಿದೆ, ಶುದ್ಧ. ಪೈಪಿನಲ್ಲಿ ಪಾಚಿಯೋ ಕಣಜದ ಗೂಡೋ ಇರಬೇಕು ಅಂತ ಟಾರ್ಚ್ ಹಿಡಿದು ಬಾಲ್ಕನಿಗೆ ಹೋದೆ. ಅಲ್ಲೊಂದು ಹಸಿರು ಬಾಲ್ದಿ. ಪೈಪಿನ ಬಾಯಿ ಅದರ ತಳ ಮುಟ್ಟಿತ್ತು. ಬಾಲ್ದಿ ಭರ್ತಿ.

"ಅಮ್ಮಾ, ಇದು ಯಾರು ಇಟ್ಟದ್ದು?"

"ನಾನೇ. ಅಷ್ಟು ನೀರು ಸುಮ್ನೆ ಹೋಗ್ತದಲ್ಲ? ಮಲ್ಲಿಗೆಗೆ ಹಾಕ್ಲಿಕ್ಕೆ."

ಪೈಪಿಗೆ ಪಂಪಿಲ್ಲ, ಇಳಿಜಾರೊಂದೇ ಗತಿ. ಬಾಯಿ ನೀರಿನಲ್ಲಿ ಮುಳುಗಿದರೆ ನಡುವೆ ಗಾಳಿ ಸಿಕ್ಕಿಕೊಂಡು, ನೀರು ಬಂದ ದಾರಿಯಲ್ಲೇ ಹಿಂದೆ ಬರುತ್ತದೆ. ಬಾಯಿ ಮೇಲೆತ್ತಿದ್ದೇ ತಡ, ಗುಳುಗುಳು ಸದ್ದಾಗಿ ಒಂದು ಚೊಂಬಿನಷ್ಟು ನೀರು ನನ್ನ ಕಾಲಿನ ಮೇಲೆ ಸುರಿಯಿತು. ಒಳಗೆ ತೊಟ್ಟಿಕ್ಕುವುದು ಹತ್ತು ನಿಮಿಷದಲ್ಲಿ ನಿಂತಿತು.

ಅಮ್ಮ ನೀರನ್ನು ಮಲ್ಲಿಗೆಗೆ ಹೊಯ್ದು ಬಾಲ್ದಿಯನ್ನು ತಂದು ಮತ್ತೆ ಅಲ್ಲೇ ಇಟ್ಟರು. ನಾನು ಬಟ್ಟೆಯ ಕ್ಲಿಪ್ ಹುಡುಕಿ ಪೈಪಿನ ಬಾಯನ್ನು ಬಾಲ್ದಿಯ ಅಂಚಿಗೆ ಸಿಕ್ಕಿಸಿದೆ. ಒಂದು ಸಾಲದು ಅಂತ ಎರಡು ಹಾಕಿದ್ದೇನೆ.