ಸತ್ಯಾಂಶ: ಇಎಸ್‌ಎ (ಪರಿಸರ ಸೂಕ್ಷ್ಮ ಪ್ರದೇಶ) ಬಂದರೆ ಊರು ಬಿಡಬೇಕಾ?

"ಕಸ್ತೂರಿರಂಗನ್ ವರದಿ ಜಾರಿಯಾದರೆ ಕಾಫಿ ತೋಟ ಬಿಟ್ಟು ಹೊರಡಬೇಕು, ಜಮೀನು ಮಾರೋಕೂ ಆಗಲ್ಲ." ಸಕಲೇಶಪುರ, ಮೂಡಿಗೆರೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿರುಗುವ ಮಾತು ಇದು. ಪಶ್ಚಿಮ ಘಟ್ಟದ ಒಂದು ಭಾಗವನ್ನು ಇಎಸ್‌ಎ ಎಂದು ಘೋಷಿಸಿ ಎಂದದ್ದು ಈ ವರದಿ. ಕೆಎಎಸ್‌ಗೆ ಓದುವವರೂ ಇದನ್ನು ನಂಬಿದರೆ ಬೇಜಾರಾಗುತ್ತದೆ.

ವರದಿ ಆಧರಿಸಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಹಾಗಿಲ್ಲ. ಜನರನ್ನು ಒಕ್ಕಲೆಬ್ಬಿಸುವುದಿಲ್ಲ, ಆಸ್ತಿ ಕೈ ಬದಲಾಗಲು ಅಡ್ಡಿಯಿಲ್ಲ ಎಂದು 2014ರ ಕರಡಿನಲ್ಲೇ ಬರೆದಿದೆ. ತಡೆ ಇರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಜಾಸ್ತಿ ಮಾಲಿನ್ಯ ಮಾಡುವ 'ಕೆಂಪು' ವರ್ಗದ ಹೊಸ ಕೈಗಾರಿಕೆಗಳಿಗೆ. ಕಟ್ಟಡಕ್ಕೂ ಮಿತಿ ಇದೆ, ಆದರೆ ಅದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡವಕ್ಕೆ. ನಮ್ಮ ಮನೆ, ಕಾಫಿ ಕಣ ಅಷ್ಟು ದೊಡ್ಡದಿರುವುದಿಲ್ಲ ಅಲ್ವಾ?

ಭಯ ಸುಮ್ನೆ ಹುಟ್ಟಿದ್ದಲ್ಲ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಜನ ಊರು ಬಿಟ್ಟು ಬಂದದ್ದನ್ನು ಮಲೆನಾಡು ಮರೆತಿಲ್ಲ. ಆ ನೋವು ನಿಜ. ಆದರೆ ಅಭಯಾರಣ್ಯ 1972ರ ವನ್ಯಜೀವಿ ಕಾಯ್ದೆಯಡಿ ಬರುತ್ತದೆ. ಇಎಸ್‌ಎ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ. ಎರಡೂ ಬೇರೆ. ಪರೀಕ್ಷೆಗೆ ಓದುವವರು ಇದನ್ನು ಗಟ್ಟಿಯಾಗಿ ನೆನಪಿಡಿ.

ಇನ್ನು ಅಂಕಿ ಅಂಶ. ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. 2024ರ ಜುಲೈ 31ರಂದು ಬಂದದ್ದು ಆರನೇ ಕರಡು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು.